ಒರೆಸುವ ಬಟ್ಟೆಯ ಚರಿತ್ರೆ

ಅಪ್ಪ ಬೇರೆಯವರ ಕಾರು ಓಡಿಸುತ್ತಿದ್ದರು. ಪಿಯುಸಿ ರಜೆಯಲ್ಲೊಮ್ಮೆ, ತೊಳೆದಿಟ್ಟ ಆ ಕಪ್ಪು ಕಾರನ್ನು ನಾನು ಹಳೆಯ ಪಂಚೆಯ ತುಂಡಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಬಿಸಿಲಿಗೆ ಬಂದಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರುಗಳು. ಬೈಸಿಕೊಂಡವರು ಅಪ್ಪ.

ಈಗ ವಸ್ತುಗಳ ಚರಿತ್ರೆ ಓದುವಾಗೆಲ್ಲ ಆ ಪಂಚೆ ನೆನಪಾಗುತ್ತದೆ. ಯುರೋಪಿನಲ್ಲಿ ಕುದುರೆಗಾಡಿಗಳ ಮೈಯನ್ನು ಶಾಮಿ ಎಂಬ ಮೆತ್ತನೆಯ ತೊಗಲಿನಿಂದ ಒರೆಸುತ್ತಿದ್ದರು. ಕಾರಿನ ಕಾಲಕ್ಕೂ ಅದೇ ಮುಂದುವರಿಯಿತು. ಹೆಸರು ಆಲ್ಪ್ಸ್ ಬೆಟ್ಟಗಳ ಶಾಮ್ವಾ ಎಂಬ ಮೇಕೆಜಾತಿಯ ಪ್ರಾಣಿಯದು. ಅಂಗಡಿಗೆ ಬಂದದ್ದು ಮಾತ್ರ ಹೆಚ್ಚಾಗಿ ಮೀನೆಣ್ಣೆಯಲ್ಲಿ ಹದಮಾಡಿದ ಕುರಿಚರ್ಮ! ಅದು ನೀರನ್ನು ಚೆನ್ನಾಗಿ ಹೀರುತ್ತದೆ. ಆದರೆ ಮೈ ಸಪಾಟು; ತೊಳೆದ ಮೇಲೂ ಉಳಿದ ಮರಳಿನ ಕಣ ಒಳಗೆ ಹುದುಗದೆ ಬಣ್ಣದ ಮೇಲೇ ಎಳೆದಾಡುತ್ತದೆ.

1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ ಅತಿ ಸೂಕ್ಷ್ಮ ಎಳೆಗಳಿಂದ ಕೃತಕ ತೊಗಲನ್ನು ರೂಪಿಸಿದರು. ಅದು ಕೋಟು, ಸೋಫಾಗಳಿಗೆ ಹೋಯಿತು. ಅಂಥ ಎಳೆಗಳೇ ಮುಂದೆ ಮೈಕ್ರೋಫೈಬರ್ ಟವೆಲ್ಲಾದವು. ಅದರ ದಟ್ಟ ಜುಂಗಿನೊಳಗೆ ಕಣ ಸರಿದು ಕೂರುತ್ತದೆ.

ಆದರೂ ಬಟ್ಟೆ ಅರ್ಧ ಮಾತ್ರ. ಕೊನೆಗೆ ಪೈಪಿನ ನೀರನ್ನು ಮೆಲ್ಲಗೆ ಹಾಯಿಸಿದರೆ ಹನಿಗಳು ಒಂದಕ್ಕೊಂದು ಕೂಡಿ ಜಾರಿಹೋಗುತ್ತವೆ; ಉಳಿದದ್ದರ ಮೇಲೆ ಟವೆಲ್ ಹರಡಿ, ಒತ್ತದೆ ಎಳೆದರೆ ಸಾಕು. ನೆಲಕ್ಕೆ ಬಿದ್ದ ಟವೆಲ್ಲನ್ನು ಒಗೆಯದೆ ಮತ್ತೆ ಮುಟ್ಟಿಸಬಾರದು.

ಅಪ್ಪನಿಗೆ ಈ ಚರಿತ್ರೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. "ತಿಕ್ಕಬಾರದು ಮಗಾ, ನೀರು ಇಳಿಯೋಕೆ ಬಿಡಬೇಕು" ಅಂದಿದ್ದರು, ಅಷ್ಟೇ. ಪಾಲಿಶ್ ಮಾಡಿಸಿದ ಖರ್ಚು ಆ ತಿಂಗಳ ಸಂಬಳದಲ್ಲಿ ಮುರಿದುಕೊಂಡಿದ್ದರೆಂದು ಅಮ್ಮ ನನಗೆ ಹೇಳಿದ್ದು ಮೊನ್ನೆ.