ಡೀಸೆಲ್ ಹಾದಿಯ ಕಾವಲು

ಹಳೆಯ ಟ್ರ್ಯಾಕ್ಟರ್ ಉಳುವಾಗ ನಡುವೆ ನಿಂತುಬಿಟ್ಟರೆ ಪಳಗಿದ ಮೆಕ್ಯಾನಿಕ್ ಎಂಜಿನ್ನಿಗೆ ಕೈ ಹಾಕುವ ಮೊದಲು ಡೀಸೆಲ್ ಬರುವ ಹಾದಿಯನ್ನು ನೋಡುತ್ತಾನೆ. ಟ್ಯಾಂಕು, ಫಿಲ್ಟರು, ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್: ದೋಷ ಹೆಚ್ಚಾಗಿ ಸಿಗುವುದು ಇವುಗಳ ನಡುವೆಯೇ. ನೀರು, ಧೂಳು ಮತ್ತು ಗಾಳಿ ಈ ಹಾದಿಯ ಮೂರು ಶತ್ರುಗಳು.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಆ ಎಂಜಿನ್ ಭಾರಿ ಗಾತ್ರದ್ದು. ಇಂಧನವನ್ನು ಸಿಲಿಂಡರಿಗೆ ಊದಲು ಅದಕ್ಕೆ ಪ್ರತ್ಯೇಕ ಗಾಳಿಯಂತ್ರವೇ ಬೇಕಿತ್ತು. 1927ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಗಾಳಿಯಂತ್ರವಿಲ್ಲದೆ ಇಂಧನವನ್ನು ಒತ್ತಡದಲ್ಲಿ ತಳ್ಳುವ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಲಾರಿ, ಟ್ರ್ಯಾಕ್ಟರುಗಳಿಗೆ ಹೊಂದುವ ಡೀಸೆಲ್ ಎಂಜಿನ್ ಸುಲಭವಾಯಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಬಾಷ್ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳ ಜೊತೆಗೆ ಡೀಸೆಲ್ ಪಂಪು, ನಾಝಲ್‌ಗಳನ್ನೂ ಮಾಡಿತು. ಅತ್ತ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ. ಮುಂದಿನ ದಶಕಗಳಲ್ಲಿ ದೇಶದಲ್ಲಿ ಟ್ರ್ಯಾಕ್ಟರುಗಳು ಹೆಚ್ಚಿದಂತೆ ಪಂಪು ರಿಪೇರಿ ಮಾಡುವ, ಪಂಪಿನ ಅಳತೆ ಸರಿಪಡಿಸುವ ಕ್ಯಾಲಿಬ್ರೇಷನ್ ಬೆಂಚು ಇಟ್ಟುಕೊಂಡ ಅಂಗಡಿಗಳೂ ಪಟ್ಟಣಗಳಲ್ಲಿ ಹುಟ್ಟಿಕೊಂಡವು. ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ಹಳಬರ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ.

ಡೀಸೆಲ್ ಹಾದಿಗೆ ಇಷ್ಟೊಂದು ಜೋಪಾನ ಯಾಕೆ? ಪಂಪಿನ ಪ್ಲಂಜರು ಎಂಬ ಕಡ್ಡಿ ತನ್ನ ಬ್ಯಾರೆಲ್ ಎಂಬ ಕೊಳವೆಯೊಳಗೆ ಕೆಲವೇ ಮೈಕ್ರಾನ್ ಸಂದಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ತಲೆಕೂದಲಿನ ದಪ್ಪ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಳೆಯ ಎಂಜಿನ್ನುಗಳ ಎಷ್ಟೋ ನಾಝಲ್‌ಗಳು ಬಾಯಿ ತೆರೆಯುವುದು ಸುಮಾರು 200 ಬಾರ್ ಒತ್ತಡಕ್ಕೆ. ಕಾರಿನ ಟೈರಿನೊಳಗಿರುವ ಒತ್ತಡದ ಸುಮಾರು ನೂರು ಪಟ್ಟು. ಪಂಪಿನ ಈ ಭಾಗಗಳು ಸವೆಯದೆ ಜಾರುವಂತೆ ಮಾಡುವ ಎಣ್ಣೆಯೂ ಡೀಸೆಲ್ಲೇ. ಅದರಲ್ಲಿ ನೀರು ಸೇರಿದರೆ ತುಕ್ಕು, ಧೂಳು ಸೇರಿದರೆ ಗೀರು, ಸೀಮೆಎಣ್ಣೆ ಕಲಬೆರಕೆಯಾದರೆ ಬೇಗ ಸವೆತ.

ಹಾಗಾಗಿಯೇ ಅನುಭವಿ ರೈತರಲ್ಲಿ ಕೆಲವು ರೂಢಿಗಳು ಬೇರೂರಿದವು. ಡ್ರಮ್ಮಿನ ಡೀಸೆಲ್ ಒಂದು ರಾತ್ರಿ ತಣ್ಣಗೆ ಕೂತ ಮೇಲೆ ಮೇಲಿನದನ್ನಷ್ಟೇ ತೆಗೆಯುವುದು. ಸಂಜೆಯೇ ಟ್ಯಾಂಕು ತುಂಬಿಸಿಡುವುದು. ಖಾಲಿ ಜಾಗ ಇಲ್ಲದಿದ್ದರೆ ರಾತ್ರಿಯ ತಂಪಿಗೆ ಒಳಗೆ ನೀರ ಹನಿ ಕಟ್ಟುವುದಿಲ್ಲ. ಫಿಲ್ಟರಿನ ತಳದ ಬಟ್ಟಲು ಬಿಚ್ಚಿ ಕೆಳಗೆ ಕೂತ ನೀರು ಚೆಲ್ಲುವುದು.

ಫಿಲ್ಟರ್ ಬದಲಿಸಿದ ಮೇಲೆ ಹಾದಿಯೊಳಗೆ ಸೇರಿದ ಗಾಳಿಯನ್ನು, ಅಂದರೆ ಏರ್, ತೆಗೆಯುವುದು ಇನ್ನೊಂದು ಕೆಲಸ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಪಿಡಿಯನ್ನು ಒತ್ತುತ್ತ ಹೋದರೆ ಮೊದಲು ನೊರೆಯಾದ ಡೀಸೆಲ್, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಧಾರೆ ಬರುತ್ತದೆ. ಆಗ ಒತ್ತುತ್ತಲೇ ಸ್ಕ್ರೂ ಬಿಗಿಯಬೇಕು. ಅದೇ ರೀತಿ ಪಂಪಿನ ಸ್ಕ್ರೂ, ಬೇಕೆನಿಸಿದರೆ ನಾಝಲ್ ಪೈಪಿನ ನಟ್ಟು. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗಬಲ್ಲದು. ಸೋರಿಕೆ ಹುಡುಕಲು ಬರಿಗೈ ಇಡಬಾರದು.

ಈಚೆಗೆ ಇಂಧನವೂ ಯಂತ್ರವೂ ಬದಲಾಗಿವೆ. 2020ರ ಏಪ್ರಿಲಿನಿಂದ ದೇಶಾದ್ಯಂತ ಸಿಗುತ್ತಿರುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. 2023ರಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಕಠಿಣ ಮಾಲಿನ್ಯ ನಿಯಮ ಬಂದು, ಅವುಗಳಲ್ಲಿ ಇಂಧನ ಚಿಮ್ಮಿಸುವ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೈಲ್ ವ್ಯವಸ್ಥೆ ಕಾಣಿಸತೊಡಗಿದೆ. ಆದರೆ ಸಣ್ಣ ಹಿಡುವಳಿದಾರರ ಹಳೆಯ ಟ್ರ್ಯಾಕ್ಟರುಗಳಲ್ಲಿ ದುಡಿಯುತ್ತಿರುವುದು ಯಾಂತ್ರಿಕ ಪಂಪುಗಳೇ. ಅವುಗಳ ಹೊಣೆ ಹೊತ್ತ ಕ್ಯಾಲಿಬ್ರೇಷನ್ ಬೆಂಚುಗಳಿಗೆ ಬಿತ್ತನೆಯ ಮುಂಚಿನ ವಾರಗಳಲ್ಲಿ ಬಿಡುವಿರುವುದಿಲ್ಲ.