ಬೀಗ ತೆರೆದ ಎರಡಕ್ಷರ

ರಾಯಬಾಗ ರೈಲು ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ಕನ್ನಡದಲ್ಲೂ ಇದೆ, ನಾಗರಿಯಲ್ಲೂ ಇದೆ. ಒಂದು ಲಿಪಿ ಬಲ್ಲವರು ಅಷ್ಟರಿಂದಲೇ ಇನ್ನೊಂದರ ನಾಲ್ಕು ಅಕ್ಷರ ಕಲಿಯಬಹುದು. ಆದರೆ ಓದಿ ಹೇಳುವವರೇ ಉಳಿಯದ ಲಿಪಿಯನ್ನು ಬಿಡಿಸುವುದು ಹೇಗೆ?

ಗುಪ್ತಲಿಪಿ ಬಿಡಿಸುವವರ ಉಪಾಯ ಇಲ್ಲಿ ನೆರವಿಗೆ ಬರುತ್ತದೆ. ಪ್ರತಿ ಅಕ್ಷರದ ಬದಲು ಬೇರೊಂದು ಗುರುತು ಬರೆದರೆ ಪತ್ರವೇನೋ ಗುಟ್ಟಾಗುತ್ತದೆ. ಭಾಷೆಯ ನಡಿಗೆ ಬದಲಾಗುವುದಿಲ್ಲ. ಹೆಚ್ಚು ಬಳಕೆಯ ಅಕ್ಷರ ವೇಷ ಹಾಕಿಕೊಂಡರೂ ಹೆಚ್ಚು ಸಲವೇ ಬರುತ್ತದೆ. ಈ ಎಣಿಕೆಯ ವಿಧಾನವನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ಅಲ್ ಕಿಂದಿ ಬರೆದಿಟ್ಟಿದ್ದ. ಪದಗಳ ಅಚ್ಚೂ ಗುಟ್ಟು ಬಿಟ್ಟುಕೊಡುತ್ತದೆ. ಕನ್ನಡ ಪತ್ರದಲ್ಲಿ ಮೊದಲ ಗುರುತು ಒಂದೇ ಆಗಿ, ಎರಡನೆಯದು ತನ್ನದೇ ಒತ್ತು ಹೊತ್ತ ಪುಟ್ಟ ಪದಗಳು ಹಲವಿದ್ದರೆ ಅವು ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ ಇರಬಹುದು. ಪದಗಳ ಕೊನೆಗೆ ಮತ್ತೆ ಮತ್ತೆ ಬರುವ ಜೋಡಿ ‘ಗಳು’ ಇರಬಹುದು.

ಅಶೋಕನ ಕಾಲದ ಬ್ರಾಹ್ಮಿಯನ್ನು ಯಾರೂ ಗುಟ್ಟಿಗಾಗಿ ಬರೆದಿರಲಿಲ್ಲ. ಕಾಲವೇ ಅದನ್ನು ಗುಪ್ತಲಿಪಿ ಮಾಡಿತ್ತು. ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1834ರಲ್ಲಿ ಅಲಹಾಬಾದ್ ಕಂಬದ ಅಕ್ಷರಗಳನ್ನು ವಿಂಗಡಿಸಿ ಎಣಿಸಿದ. ಮೂಲರೂಪಗಳಿಗೆ ನಮ್ಮ ಕಾಗುಣಿತದಂತೆ ಸ್ವರಚಿಹ್ನೆಗಳು ಸೇರುವುದು ಕಂಡಿತು. ಆದರೂ ಬರಹ ಬಾಯಿ ಬಿಡಲಿಲ್ಲ.

1837ರಲ್ಲಿ ಸಾಂಚಿ ಸ್ತೂಪದ ಕಲ್ಲುಬೇಲಿಯ ಚಿಕ್ಕ ಬರಹಗಳ ಪ್ರತಿಗಳು ಬಂದವು. ಹೆಚ್ಚಿನವು ಅವೇ ಎರಡಕ್ಷರಗಳಿಂದ ಮುಗಿಯುತ್ತಿದ್ದವು. ಗುಡಿಗೆ ಕಂಬ, ಕಲ್ಲು ಕೊಟ್ಟವರು ಹೆಸರು ಕೆತ್ತಿಸುವುದು ನಮ್ಮಲ್ಲಿ ಇಂದಿಗೂ ಉಂಟು. ಇವೂ ಅಂಥ ಕೊಡುಗೆಯ ಬರಹಗಳೇ, ಕೊನೆಯ ಪದ ‘ದಾನಂ’ ಎಂದು ಪ್ರಿನ್ಸೆಪ್ ಊಹಿಸಿದ. ದ, ನ, ಅನುಸ್ವಾರ ಕೈಗೆ ಸಿಕ್ಕವು. ಅದರ ಹಿಂದೆ ಪದೇ ಪದೇ ಬರುತ್ತಿದ್ದ ಗುರುತು ‘ಸ’, ಅಂದರೆ ‘ಇಂಥವನ’ ಎಂದು ಹೇಳುವ ಷಷ್ಠೀ ವಿಭಕ್ತಿ. ಅದೇ ವರ್ಷ ದೆಹಲಿಯ ಕಂಬದ ಮೇಲೆ ‘ದೇವಾನಂಪಿಯ ಪಿಯದಸಿ’ ಎಂಬ ರಾಜನ ಬಿರುದು ಓದಲು ಬಂತು. ಮುಂದೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಅದನ್ನು ಕಾಣಲು ಪ್ರಿನ್ಸೆಪ್ ಇರಲಿಲ್ಲ. 1840ರಲ್ಲಿ, 40ರ ಹರೆಯದಲ್ಲೇ ತೀರಿಕೊಂಡಿದ್ದ.

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಜನಕ್ಕೆ ಕನ್ನಡ ಫಲಕವೋ ಮರಾಠಿ ಫಲಕವೋ ಎಂಬ ಜಗಳ ಹೊಸದಲ್ಲ. ಭಾಷೆಗಳ ಕುಲ ಬೇರೆಯೇ ಸರಿ. ಲಿಪಿಗಳ ಕುಲ ಒಂದೇ. ಬ್ರಾಹ್ಮಿಯ ಅಕ್ಷರಗಳೇ ಕಾಲಕಾಲಕ್ಕೆ ಬದಲಾಗುತ್ತ ಇತ್ತ ದುಂಡಾಗಿ ಕನ್ನಡವಾದವು, ಅತ್ತ ತಲೆಯ ಮೇಲೆ ಗೆರೆ ಹೊತ್ತು ನಾಗರಿಯಾದವು. ಒಂದು ಫಲಕಕ್ಕೆ ಮಸಿ ಬಳಿಯುವ ಕೈ ಎರಡಕ್ಕೂ ಅಜ್ಜಿಯಾದವಳ ಮುಖಕ್ಕೇ ಬಳಿಯುತ್ತದೆ.