ಬೆಳಗಾವಿಯಿಂದ ಕುಂಡಲಕ್ಕೆ: ಕಿರ್ಲೋಸ್ಕರ ಉದ್ಯಮ ಮತ್ತು ಆಳ್ವಿಕೆಗಳ ಪೈಪೋಟಿ

ಪಾಣಿಪತ್ತಿನಲ್ಲಿ ಮಡಿದ ಸದಾಶಿವರಾವ ಭಾವೂರ ನೆನಪಿಗೆ ಪೇಶ್ವೆ ಮಾಧವರಾಯ ನೆಲೆಗೊಳಿಸಿದ್ದು ಪುಣೆಯ ಸದಾಶಿವ ಪೇಠ. ವರ್ತಕರನ್ನು ಕರೆಸಿ, ತೆರಿಗೆಯಲ್ಲಿ ರಿಯಾಯಿತಿ ಕೊಟ್ಟು ಹೊಸ ಪೇಠ ಎಬ್ಬಿಸುವುದು ಪೇಶ್ವೆಗಳ ರೂಢಿ. ಆದರೂ ಇಲ್ಲಿ ಅಂಗಡಿಗಳಿಗಿಂತ ವಾಡೆಗಳೇ ಹೆಚ್ಚಿದವು. ಪೇಠ ಬ್ರಾಹ್ಮಣರ ವಸತಿಯೆಂದೇ ಹೆಸರಾಯಿತು. ರಿಯಾಯಿತಿಯೊಂದೇ ಉದ್ಯಮವನ್ನು ಹುಟ್ಟಿಸದು.

ಪುಣೆಯ ಯಂತ್ರೋದ್ಯಮದ ಒಂದು ಮುಖ್ಯ ಬೇರು ಬೆಳಗಾವಿಯಲ್ಲಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ (1869–1956) ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಹಿಂಜರಿದರು; ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಊರು ವಿಸ್ತರಿಸಲು ಹೊರಟ ಪುರಸಭೆ ಅವರ ಜಾಗ ತೆರವು ಮಾಡಿಸಿತು. ಆಗ ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ ರೈಲು ನಿಲ್ದಾಣದ ಬಳಿ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಎದ್ದಿತು.

ಇದನ್ನು ಉದಾರ ದೊರೆಯ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಮುಖ್ಯವೆನಿಸುವುದು ಬೇರೆ: ಒಂದು ಆಳ್ವಿಕೆ ಎಬ್ಬಿಸಿದವನಿಗೆ ಹೋಗಲು ಇನ್ನೊಂದು ಆಳ್ವಿಕೆಯಿತ್ತು. ದೊರೆಯ ಮರ್ಜಿ ನೀತಿಯಲ್ಲ, ನಿಜ. ಆದರೆ ಹಲವು ಮರ್ಜಿಗಳಿದ್ದಲ್ಲಿ ಆಯ್ಕೆಯಿರುತ್ತದೆ. 1941ರಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ ಹರಿಹರದಲ್ಲಿ ನೆಲೆಯೂರಿದ್ದೂ ಇನ್ನೊಂದು ಸಂಸ್ಥಾನದ ಗಡಿಯೊಳಗೇ. ಪುಣೆಯ ಕಿರ್ಲೋಸ್ಕರ ಆಯಿಲ್ ಇಂಜಿನ್ಸ್ ಬಂದದ್ದು 1946ರಲ್ಲಿ.

1951ರ ಕೈಗಾರಿಕಾ ಕಾಯ್ದೆ ಈ ಆಯ್ಕೆಯನ್ನು ದೆಹಲಿಯ ಒಂದೇ ಬಾಗಿಲಿಗೆ ತಂದು ನಿಲ್ಲಿಸಿತು. ಹೊಸ ಘಟಕಕ್ಕೆ, ವಿಸ್ತರಣೆಗೆ, ಹೊಸ ಸರಕಿಗೆ ಲೈಸೆನ್ಸ್ ಬೇಕಾಯಿತು. ಲೈಸೆನ್ಸ್ ಸಿಕ್ಕವನಿಗೆ ಆಮದು ನಿರ್ಬಂಧದ ಆಸರೆಯೂ ಸಿಕ್ಕಿತೆಂಬುದನ್ನು ಉದ್ಯಮಿಗಳ ಆತ್ಮಕಥನಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ. 1969ರ ಏಕಸ್ವಾಮ್ಯ ಕಾಯ್ದೆ ಗಾತ್ರವನ್ನೇ ಅಪರಾಧದಂತೆ ಕಂಡಿತು. ಪೈಪೋಟಿಗೆ ಅಡ್ಡಿಯಾಗುವ ನಡವಳಿಕೆಯತ್ತ ಕಾನೂನು ಹೊರಳಿದ್ದು 2002ರಲ್ಲಿ.

1991ರ ಬಳಿಕ ರಾಜ್ಯಗಳ ನಡುವೆ ಪೈಪೋಟಿ ಮರಳಿದೆ. ಆದರೆ ಹೂಡಿಕೆದಾರರ ಸಮಾವೇಶಗಳ ವೇದಿಕೆಗೆ ಏರುವವರು ದೊಡ್ಡವರು. ಸೈಕಲ್ ಅಂಗಡಿಯವನ ಅರ್ಜಿ ಹೋಗುವುದು, ಕರ್ನಾಟಕದಲ್ಲಾದರೆ, 15 ಕೋಟಿಯೊಳಗಿನ ಯೋಜನೆ ನೋಡುವ ಜಿಲ್ಲಾ ಏಕಗವಾಕ್ಷಿ ಸಮಿತಿಗೆ. ಸಂಶೋಧಕರು ಓದಬೇಕಾದದ್ದು ಆ ಸಮಿತಿಗಳ ನಡಾವಳಿಯನ್ನು.